ಅನ್ನ ಎಲ್ಲಿದೆ ಎಂದು ಕೇಳಿದವರು ಯಾರು?

 

ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಎಂಬ ಊರಿನ ಬಡ ರೈತನೊಬ್ಬ ಬರುತ್ತಾನೆ. ಬುದ್ಧರ ಉಪದೇಶ ಕೇಳಬೇಕೆಂಬುದು ಅವನ ಆಸೆ. ಆದರೆ ಅಂದೇ ಎತ್ತು ತಪ್ಪಿಸಿಕೊಂಡಿತು. ಅದನ್ನು ಹುಡುಕಿ ತರುವಷ್ಟರಲ್ಲಿ ಹೊತ್ತಾಗಿತ್ತು, ಉಣ್ಣದೆಯೇ ಓಡಿ ಬಂದ. ಊರವರು ಸಂಘಕ್ಕೆ ಊಟ ಬಡಿಸಿ ಉಪದೇಶಕ್ಕೆ ಕಾದಿದ್ದರು; ಬುದ್ಧರು ಮಾತು ಶುರು ಮಾಡಿರಲಿಲ್ಲ. ಅವನನ್ನು ಕಂಡೊಡನೆ, ಬಡಿಸಿ ಉಳಿದ ಊಟವೇನಾದರೂ ಇದೆಯೇ ಎಂದು ಕೇಳಿದರು. ಅವನು ಉಂಡ ಮೇಲೆಯೇ ಉಪದೇಶ. ಗೊಣಗಿದ ಭಿಕ್ಖುಗಳಿಗೆ, ಹಸಿವೇ ದೊಡ್ಡ ರೋಗ ಎಂದರು.

ಈ ಕಥೆಯನ್ನು ನಾವು ಕರುಣೆಯ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುತ್ತೇವೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅನ್ನ ಎಲ್ಲಿದೆ ಎಂದು ಹಸಿದವನು ಕೇಳಲಿಲ್ಲ, ಬುದ್ಧರು ಕೇಳಿದರು.

ನಮ್ಮ ಜನ ಕೇಳುವುದಿಲ್ಲ. ಕಾರಣವೂ ಇದೆ. ಊರವರ ಬಾಗಿಲಲ್ಲಿ ನಿಂತು ತಂಗಳು ಹೊತ್ತು ತಂದ ಅಜ್ಜಿಯರ ಮೊಮ್ಮಕ್ಕಳು ನಾವು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಆ ಎಂಜಲನ್ನು ಬಿಡಿ ಎಂದರು, ಬಿಟ್ಟೆವು. ಈಗ ಅದೇ ಸ್ವಾಭಿಮಾನ ಕೆಲವು ಮನೆಗಳಲ್ಲಿ ಹಸಿವನ್ನು ಮುಚ್ಚಿಡುತ್ತಿದೆ.

ಸೋಮವಾರದ ಬಿಸಿಯೂಟಕ್ಕೆ ಮೂರನೇ ಸಲ ತಟ್ಟೆ ಹಿಡಿಯುವ ಮಗುವನ್ನು ಯಾವ ಶಿಕ್ಷಕರೂ ಗುರುತಿಸಬಲ್ಲರು. ಅಂಥ ಒಂದು ಮಗುವಿನ ತಾಯಿಯನ್ನು ವಿಚಾರಿಸಿದೆ. ಪಾತ್ರೆ ತಿಕ್ಕಿ ಹೆಬ್ಬೆಟ್ಟಿನ ಗೆರೆ ಸವೆದಿದೆ, ಮೆಷಿನ್ ತೆಗೆದುಕೊಳ್ಳುತ್ತಿಲ್ಲ, ಎರಡು ತಿಂಗಳಿಂದ ಸೊಸೈಟಿ ಅಕ್ಕಿ ಇಲ್ಲ. "ಯಾರತ್ರ ಕೈ ಚಾಚ್ಲಿ ಟೀಚರ್" ಅಂದರು.

ಇದು ಕೈ ಚಾಚುವ ಮಾತೇ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಹಕ್ಕು. ಅನ್ನಭಾಗ್ಯದ ಪಾಲು ಬೇರೆ. ಆಧಾರ್ ಇಲ್ಲವೆಂದೋ ಹೆಬ್ಬೆಟ್ಟು ಹೊಂದಲಿಲ್ಲವೆಂದೋ ಧಾನ್ಯ ನಿರಾಕರಿಸಬಾರದು ಎಂದು 2017ರ ಅಕ್ಟೋಬರ್‌ನಲ್ಲಿ ಕೇಂದ್ರವೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯವರು ಕೇಳದಿದ್ದರೆ 1967ಕ್ಕೆ ಫೋನ್ ಮಾಡಬಹುದು, ತಾಲ್ಲೂಕಿನ ಆಹಾರ ಶಾಖೆಗೆ ಬರೆದುಕೊಡಬಹುದು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟವಿದೆ. ಕೆಲಸಕ್ಕೆ ಬೇರೆ ಊರಿಗೆ ಹೋದವರು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು.

ಅಕ್ಕಪಕ್ಕದವರನ್ನು ವಿಚಾರಿಸುವಾಗ "ಊಟಕ್ಕಿದೆಯಾ" ಅನ್ನಬೇಡಿ. ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. "ಈ ತಿಂಗಳು ಸೊಸೈಟಿ ಅಕ್ಕಿ ಬಂತಾ" ಅನ್ನಿ, ಮಾತು ತಾನೇ ಹೊರಬರುತ್ತದೆ. ಆಫೀಸಿಗೆ ಅವರನ್ನು ಒಬ್ಬರೇ ಕಳಿಸಬೇಡಿ. ಒಬ್ಬರೇ ಹೋದವರನ್ನು ನಾಳೆ ಬಾ ಎನ್ನುವುದು ಸುಲಭ.

ಆ ತಾಯಿಯ ಅರ್ಜಿ ಈಗ ತಾಲ್ಲೂಕು ಆಫೀಸಿನಲ್ಲಿದೆ. ಬುಧವಾರ ವಿಚಾರಿಸಲು ಹೋಗುತ್ತಿದ್ದೇವೆ. ಬರುವವರು ಹತ್ತು ಗಂಟೆಗೆ ವಿಹಾರದ ಹತ್ತಿರ ಸೇರಿ, ಇಂಥದೇ ತೊಂದರೆ ಇರುವವರ ಕಾರ್ಡಿನ ಜೆರಾಕ್ಸ್ ಇದ್ದರೆ ತನ್ನಿ.

ಭವತು ಸಬ್ಬ ಮಂಗಲಂ.