ಬೆಲೆ ಯಾರ ಲೆಕ್ಕಕ್ಕೆ?

ಹಿಡಿಸದ ಪುಸ್ತಕವನ್ನು ಅರ್ಧದಲ್ಲೇ ಮುಚ್ಚಿಡಬಹುದು. ಹಿಡಿಸಿದ್ದನ್ನು ರಾತ್ರಿಯೆಲ್ಲ ಕೂತು ಓದಬಹುದು. ಎರಡೂ ಅರ್ಥವಾಗುವ ಸಂಗತಿ. ನಿರಾಸೆ ಮಾಡುತ್ತಲೇ ಕೈಯಿಂದ ಕೆಳಗಿಡಗೊಡದ ಪುಸ್ತಕದ ಮಾತು ಬೇರೆ. ಅದು ನಮ್ಮನ್ನು ಹಿಡಿದಿಟ್ಟುಕೊಂಡಿರುವಾಗ ನಾವು ಏನನ್ನು ಕೇಳದೆ ಬಿಡುತ್ತೇವೆ ಎಂಬುದನ್ನು ನಿಂತು ಯೋಚಿಸಬೇಕು ಅನ್ನಿಸುತ್ತದೆ.

ಸ್ಟೆಫನಿ ಮೇಯರ್ ಬರೆದ 'ಟ್ವೈಲೈಟ್' ಸರಣಿಯ ನಾಲ್ಕನೆಯ ಕಾದಂಬರಿ 'ಬ್ರೇಕಿಂಗ್ ಡಾನ್' ಅಂಥದ್ದು. 2008ರ ಆಗಸ್ಟ್ 2ರಂದು ಹೊರಬಂದಾಗ ಅಮೆರಿಕದ ಪುಸ್ತಕದಂಗಡಿಗಳು ನಡುರಾತ್ರಿಯಲ್ಲಿ ಬಾಗಿಲು ತೆರೆದಿದ್ದವು. ಆ ಒಂದು ದಿನದಲ್ಲೇ 13 ಲಕ್ಷ ಪ್ರತಿಗಳು ಮಾರಾಟವಾದವು. ಕೆಲವೇ ದಿನಗಳಲ್ಲಿ, ಸರಣಿಯನ್ನು ಪ್ರೀತಿಸಿದ್ದ ಓದುಗರಲ್ಲೇ ಕೆಲವರು ಪುಸ್ತಕವನ್ನು ಅಂಗಡಿಗೆ ವಾಪಸು ಕೊಟ್ಟುಬಿಡೋಣ ಎಂದು ಕರೆ ಕೊಟ್ಟರು. ಕೊನೆ ಸರಿಯಿಲ್ಲ ಎಂಬುದು ಅವರ ಸಿಟ್ಟು. ಕೊನೆಯ ಬಗ್ಗೆ ಸಿಟ್ಟಾಗಬೇಕಾದರೆ 700ಕ್ಕೂ ಹೆಚ್ಚು ಪುಟಗಳನ್ನು ದಾಟಿ ಕೊನೆ ಮುಟ್ಟಿರಬೇಕಲ್ಲ!

ಈ ಸಿಟ್ಟಿಗೆ ಕಾರಣ ಹಿಂದಿನ ಮೂರು ಪುಸ್ತಕಗಳಲ್ಲೇ ಇದೆ. ವಾಷಿಂಗ್ಟನ್ ರಾಜ್ಯದ ಮಳೆಯೂರು ಫೋರ್ಕ್ಸ್‌ಗೆ ಬಂದ ಬೆಲ್ಲಾ ಎಂಬ ಹುಡುಗಿ, ಎಡ್ವರ್ಡ್ ಎಂಬ ವ್ಯಾಂಪೈರ್‌ನನ್ನು ಪ್ರೀತಿಸುತ್ತಾಳೆ. ತಾನೂ ಅವನಂತಾಗಿ ಸಾವಿಲ್ಲದೆ ಅವನ ಜೊತೆಗಿರಬೇಕು ಎಂಬುದು ಅವಳ ಹಂಬಲ. ಎರಡನೆಯ, ಮೂರನೆಯ ಪುಸ್ತಕಗಳಾದ 'ನ್ಯೂ ಮೂನ್', 'ಎಕ್ಲಿಪ್ಸ್' ಎರಡೂ ಆ ಹಂಬಲದ ಮುಂದೆ ಒಂದೊಂದಾಗಿ ತಡೆಗಳನ್ನು ಇಡುತ್ತ ಹೋಗುತ್ತವೆ. ವ್ಯಾಂಪೈರ್ ಆದವರಿಗೆ ಆತ್ಮವೇ ಉಳಿಯುವುದಿಲ್ಲ ಎಂದು ಎಡ್ವರ್ಡ್ ನಂಬಿದ್ದಾನೆ. ಹೊಸದಾಗಿ ವ್ಯಾಂಪೈರ್ ಆದವರಿಗೆ ರಕ್ತದ ದಾಹ ಬಿಟ್ಟು ಬೇರೇನೂ ಕಾಣುವುದಿಲ್ಲ, ಹೆತ್ತವರ ಹತ್ತಿರವೂ ಸುಳಿಯುವಂತಿಲ್ಲ. ತೋಳವಾಗಬಲ್ಲ ಗೆಳೆಯ ಜೇಕಬ್‌ನ ಕುಲಕ್ಕೂ ವ್ಯಾಂಪೈರ್‌ಗಳಿಗೂ ಹುಟ್ಟುವೈರ. ಎಲ್ಲಕ್ಕಿಂತ ಹೆಚ್ಚಾಗಿ ಎಡ್ವರ್ಡ್‌ನ ಮನೆಯವಳಾದ ರೋಸಲಿಯ ಕಥೆ ಇದೆ. 1933ರಲ್ಲಿ ಮದುವೆಯಾಗಬೇಕಿದ್ದವನೇ ಗೆಳೆಯರೊಡನೆ ಸೇರಿ ಅವಳನ್ನು ಹಿಂಸಿಸಿ ಬೀದಿಯಲ್ಲಿ ಬಿಟ್ಟುಹೋಗಿದ್ದ. ಸಾಯುತ್ತಿದ್ದವಳನ್ನು ವ್ಯಾಂಪೈರ್ ಮಾಡಿ ಉಳಿಸಿದರು. ಅವಳು ಬಯಸಿದ್ದು ಒಂದು ಮನೆ, ಒಂದು ಮಗು, ಗಂಡನ ಜೊತೆ ಮುದುಕಿಯಾಗುವ ಭಾಗ್ಯ. ಅದಾವುದೂ ಇನ್ನೆಂದಿಗೂ ಸಿಗದು. ಬೆಲ್ಲಾ ವ್ಯಾಂಪೈರ್ ಆಗಬೇಕೇ ಬೇಡವೇ ಎಂದು ಮನೆಯವರೆಲ್ಲ ಅಭಿಪ್ರಾಯ ಹೇಳುವ ಹೊತ್ತಿನಲ್ಲಿ ರೋಸಲಿ ಬೇಡ ಎನ್ನುತ್ತಾಳೆ. ಅದರಲ್ಲಿ ದ್ವೇಷವಿಲ್ಲ. ತನಗಾಗಿ ಹಾಗೆ ಬೇಡ ಎನ್ನಲು ಯಾರೂ ಇರಲಿಲ್ಲವಲ್ಲ ಎಂಬ ದುಃಖವಿದೆ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಸತ್ಯವಾದ ಗಳಿಗೆ ಅದು.

ನಾಲ್ಕನೆಯ ಪುಸ್ತಕದಲ್ಲಿ ಈ ತಡೆಗಳೆಲ್ಲ ತಾವಾಗಿಯೇ ಸರಿದುಕೊಳ್ಳುತ್ತವೆ. ಬೆಲ್ಲಾ ಮನುಷ್ಯಳಾಗಿರುವಾಗಲೇ ಬಸುರಿಯಾಗುತ್ತಾಳೆ, ಹಾಗಾಗಿ ಮಗು ಸಿಗುತ್ತದೆ. ವ್ಯಾಂಪೈರ್ ಆದ ಮೇಲಿನ ಮೊದಲ ಬೇಟೆಯಲ್ಲೇ ಮನುಷ್ಯರ ವಾಸನೆ ಮೂಗಿಗೆ ಬಡಿದರೂ ತನ್ನನ್ನು ತಾನು ಹಿಡಿದು ದೂರ ಓಡುತ್ತಾಳೆ, ಹಾಗಾಗಿ ದಾಹವೂ ಕಾಡುವುದಿಲ್ಲ. ಅಪ್ಪ ಚಾರ್ಲಿ ಮನೆಗೆ ಬಂದುಹೋಗುತ್ತಲೇ ಇರುತ್ತಾನೆ. ಜೇಕಬ್ ಆ ಕೂಸಿನೊಡನೆಯೇ ಮುಂದೆ ಸಂಗಾತಿಯಾಗುವಂಥ ಜನ್ಮದ ನಂಟು ಹಾಕಿಕೊಂಡು ಕುಟುಂಬದವನೇ ಆಗಿಬಿಡುತ್ತಾನೆ. ಈ ಪರಿಹಾರವನ್ನು ಓದುವಾಗ ಆಗುವ ಕಸಿವಿಸಿ ಇಂದಿಗೂ ಕಡಿಮೆಯಾಗಿಲ್ಲ.

ಇದು ಹೀಗಾದದ್ದು ಏಕೆ ಎಂಬುದಕ್ಕೆ ಮೇಯರ್ ಅವರೇ ಹೇಳಿಕೊಂಡಿರುವ ಒಂದು ಸಂಗತಿ ಬೆಳಕು ಚೆಲ್ಲುತ್ತದೆ. ಮೊದಲ ಕಾದಂಬರಿ ಮುಗಿಸಿದ ಮೇಲೆ ಅವರು ಬರೆದ ಮುಂದಿನ ಭಾಗದ ಹೆಸರು 'ಫಾರೆವರ್ ಡಾನ್'. ಅದು ಪ್ರಕಟಣೆಗೆಂದಲ್ಲ, ಅಕ್ಕನಿಗೆ ಉಡುಗೊರೆಯಾಗಿ ಬರೆದದ್ದು. 'ಬ್ರೇಕಿಂಗ್ ಡಾನ್'ನ ಕಥೆಯ ತಿರುಳು ಅದರಲ್ಲೇ ಇತ್ತು. 'ನ್ಯೂ ಮೂನ್', 'ಎಕ್ಲಿಪ್ಸ್' ಆಮೇಲೆ ನಡುವೆ ಸೇರಿದವು. ಅಂದರೆ ಎಲ್ಲವೂ ಒಳಿತಾಗುವ ಕೊನೆ ಮೊದಲೇ ಸಿದ್ಧವಾಗಿತ್ತು, ಅಮರತ್ವದ ಬೆಲೆ ಎಷ್ಟು ಘೋರ ಎಂಬುದು ಲೇಖಕಿಗೆ ನಂತರ ಕಂಡಿತು. ನಡುವಿನ ಎರಡು ಪುಸ್ತಕಗಳು ಬರೆದವರನ್ನು ಬೆಳೆಸಿದ್ದವು. ಕೊನೆ ಮಾತ್ರ ಹಳೆಯ ಉಡುಗೊರೆಯಾಗಿಯೇ ಉಳಿಯಿತು. ಮನಸ್ಸು ಮಾಗುವ ಮೊದಲು ಕೊಟ್ಟುಕೊಂಡ ಮಾತನ್ನು ಮಾಗಿದ ಮೇಲೂ ಹಾಗೆಯೇ ನಡೆಸಿಕೊಡುವುದು ಬರಹಗಾರರಿಗೆ ಮಾತ್ರ ಬರುವ ಸಂಕಟವೇನಲ್ಲ.

ಆದರೂ ಪುಸ್ತಕ ಓದಿಸಿಕೊಳ್ಳುತ್ತದೆ. ಅದರ ನಡುಭಾಗವನ್ನು ಜೇಕಬ್ ಹೇಳುತ್ತಾನೆ, ಅಲ್ಲಿ ಬರಹಕ್ಕೆ ಬೇರೆಯದೇ ಬಿಸಿ ಬರುತ್ತದೆ. ಹೊಟ್ಟೆಯೊಳಗಿನ ಕೂಸು ತಾಯಿಯ ಪಕ್ಕೆಲುಬು ಮುರಿಯುತ್ತಿದೆ. ಬೆಲ್ಲಾ ಲೋಟದಲ್ಲಿ ರಕ್ತ ಕುಡಿದು ಜೀವ ಹಿಡಿದುಕೊಂಡಿದ್ದಾಳೆ. ಮಗು ಬೇಡವೆನ್ನುವವರೆಲ್ಲ ಒಂದು ಕಡೆ, ಅವಳ ಪಕ್ಕ ಕಾವಲಿಗೆ ನಿಂತ ರೋಸಲಿ ಇನ್ನೊಂದು ಕಡೆ. ಹೆರಿಗೆಯ ಪುಟಗಳನ್ನು ಓದುವಾಗ ಉಸಿರು ಬಿಗಿಹಿಡಿಯದವರು ಕಡಿಮೆ. ಆಮೇಲೆ ವ್ಯಾಂಪೈರ್ ಮಾಡುವ ವಿಷ ಮೈಗೇರಿ ನರನರವೂ ಉರಿಯುತ್ತಿರುವಾಗ, ತನ್ನ ಕೂಗು ಕೇಳಿ ಎಡ್ವರ್ಡ್ ನೊಂದಾನು ಎಂದು ಬೆಲ್ಲಾ ಬಾಯಿ ಬಿಡದೆ ಮಲಗಿರುತ್ತಾಳೆ. ಇದು ಬೆಲೆಯಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅವಳು ಪಟ್ಟ ನೋವು ದೊಡ್ಡದು. ಆದರೆ ನೋವು ಬೇರೆ, ಕಳೆದುಕೊಳ್ಳುವುದು ಬೇರೆ. ನೋವು ಕೆಲವೇ ದಿನಗಳಲ್ಲಿ ತೀರುತ್ತದೆ. ರೋಸಲಿ ಕಳೆದುಕೊಂಡದ್ದು ಎಪ್ಪತ್ತು ವರ್ಷವಾದರೂ ತೀರಿಲ್ಲ.

ಕೊನೆಯ ಭಾಗದಲ್ಲಿ, ಮಗುವಿನ ಮೇಲೆ ಹೋದ ದೂರಿನಿಂದಾಗಿ, ವ್ಯಾಂಪೈರ್‌ಗಳನ್ನು ಆಳುವ ವೊಲ್ಟುರಿಗಳು ಇಟಲಿಯಿಂದ ದಂಡು ಕಟ್ಟಿಕೊಂಡು ಬರುತ್ತಾರೆ. ನೂರಾರು ಪುಟಗಳ ತಯಾರಿ. ಹಿಮ ಬಿದ್ದ ಬಯಲಿನಲ್ಲಿ ಎರಡೂ ಪಡೆಗಳು ಎದುರುಬದುರು ನಿಲ್ಲುತ್ತವೆ, ಮಾತಾಡುತ್ತವೆ, ಚದುರುತ್ತವೆ. ಓದುಗರನ್ನು ಬಹಳ ಕೆರಳಿಸಿದ್ದು ಇದೇ. 2012ರಲ್ಲಿ ಬಿಲ್ ಕಾಂಡನ್ ಇದನ್ನು ಸಿನಿಮಾ ಮಾಡಿದಾಗ ಆ ಬಯಲಿನಲ್ಲಿ ದೊಡ್ಡ ಯುದ್ಧವನ್ನೇ ತೋರಿಸಿ, ಪ್ರೀತಿಯ ಕೆಲವು ಪಾತ್ರಗಳನ್ನು ಕೊಲ್ಲಿಸಿ, ಕೊನೆಗೆ ಅದು ಎಡ್ವರ್ಡ್‌ನ ಸೋದರಿ ಆಲಿಸ್ ಕಂಡ ಭವಿಷ್ಯದ ಒಂದು ದರ್ಶನವಷ್ಟೇ ಎಂದುಬಿಟ್ಟರು. ಯುದ್ಧ ಆಗಲೇಬೇಕಿತ್ತು ಎಂಬ ದೂರು ನನ್ನದಲ್ಲ. ಕತ್ತಿ ಎತ್ತದೆ ಮಾತಿನಲ್ಲೇ ಬಗೆಹರಿಯುವ ಜಗಳವನ್ನು ಬರೆಯಲು ಧೈರ್ಯ ಬೇಕು. ಮೇಯರ್ ತಮ್ಮ ದಾರಿಯ ಸುಳಿವನ್ನೂ ಮೊದಲೇ ಬಿಟ್ಟಿದ್ದಾರೆ: ಆಲಿಸ್ ಬಿಟ್ಟುಹೋಗುವ ಚೀಟಿ ಶೇಕ್ಸ್‌ಪಿಯರ್‌ನ 'ದಿ ಮರ್ಚೆಂಟ್ ಆಫ್ ವೆನಿಸ್'ನಿಂದ ಹರಿದ ಹಾಳೆ. ಅಲ್ಲಿಯೂ ಒಂದು ಹನಿ ರಕ್ತ ಚೆಲ್ಲದೆ ವಾದದಿಂದಲೇ ಜೀವ ಉಳಿಯುತ್ತದೆ. ಆದರೆ ಅಲ್ಲಿ ವಾದದಲ್ಲಿ ಸೋತು ನ್ಯಾಯಾಲಯದಿಂದ ಹೊರಬೀಳುವ ಶೈಲಾಕ್ ಆಸ್ತಿಯನ್ನೂ ಧರ್ಮವನ್ನೂ ಕಳೆದುಕೊಂಡಿರುತ್ತಾನೆ, ಅವನ ಮುಖವನ್ನು ಮರೆಯಲು ನಾಟಕ ಬಿಡುವುದಿಲ್ಲ.

ಈ ಮಾತನ್ನೆಲ್ಲ ಒಮ್ಮೆ ಅಕ್ಕನ ಮಗಳ ಮುಂದೆ ಇಟ್ಟೆ. ಅವಳು ಈ ಸರಣಿಯನ್ನು ಮನಸಾರೆ ಓದಿ ಬೆಳೆದವಳು. "ಯಾಕೆ ಚಿಕ್ಕಮ್ಮಾ, ಹುಡುಗಿಯರ ಕಥೆ ಅಂದ್ರೆ ಕೊನೇಲಿ ಏನಾದ್ರೂ ಕಳ್ಕೊಳ್ಳಲೇಬೇಕಾ? ಅನ್ನಾ ಕರೆನಿನಾ ರೈಲಿಗೆ ಬೀಳ್ತಾಳೆ, ಮದಾಂ ಬೋವರಿ ವಿಷ ತಿಂತಾಳೆ. ಇವಳೊಬ್ಬಳಿಗಾದ್ರೂ ಎಲ್ಲಾ ಸಿಗಲಿ ಬಿಡಿ" ಅಂದಳು. ಈ ಮಾತನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಬಯಸಿದ ತಪ್ಪಿಗೆ ಹೆಣ್ಣನ್ನು ದಂಡಿಸಿ ಮುಗಿಸುವ ಕಥೆಗಳು ಸಾಹಿತ್ಯದಲ್ಲಿ ಬೇಕಾದಷ್ಟಾಗಿವೆ. ಬೆಲ್ಲಾಳಿಗೂ ಅದೇ ಗತಿ ಬರಲಿ ಎಂದು ಕೇಳುವವರ ಪಂಕ್ತಿಯಲ್ಲಿ ನಾನಿಲ್ಲ.

ಇನ್ನೂ ಒಂದು ಕಾರಣಕ್ಕೆ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ವ್ಯಾಂಪೈರ್ ಕಥೆಗಳಲ್ಲಿ ಇನ್ನೊಂದು ಪ್ರಸಿದ್ಧ ಮಗು ಇದೆ, ಆನ್ ರೈಸ್ ಅವರ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' ಕಾದಂಬರಿಯ ಕ್ಲಾಡಿಯಾ. 1972ರಲ್ಲಿ ರೈಸ್ ಅವರ ಮಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಮಗುವಿಗೆ ಇನ್ನೂ ಆರು ತುಂಬಿರಲಿಲ್ಲ. 1976ರಲ್ಲಿ ಬಂದ ಕಾದಂಬರಿಯ ಕ್ಲಾಡಿಯಾ ಐದು ವರ್ಷಕ್ಕೆ ವ್ಯಾಂಪೈರ್ ಆಗಿ ಸಾವನ್ನು ದಾಟುತ್ತಾಳೆ. ಆದರೆ ಮೈ ಐದು ವರ್ಷದಲ್ಲೇ ನಿಂತುಬಿಡುತ್ತದೆ, ಒಳಗೆ ಹೆಂಗಸೊಬ್ಬಳು ಬೆಳೆಯುತ್ತ ಹೋಗುತ್ತಾಳೆ. ತನ್ನನ್ನು ಹೀಗೆ ಉಳಿಸಿದವರನ್ನು ಅವಳು ಕ್ಷಮಿಸುವುದಿಲ್ಲ. ಕೊನೆಗೆ ಪ್ಯಾರಿಸ್ಸಿನಲ್ಲಿ ಬಿಸಿಲಿಗೆ ಸುಟ್ಟು ಬೂದಿಯಾಗುತ್ತಾಳೆ. ಮಗಳನ್ನು ಕಳೆದುಕೊಂಡ ತಾಯಿ, ಕಥೆಯಲ್ಲಾದರೂ ಮಗುವನ್ನು ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ಬೆಲ್ಲಾಳ ಮಗಳು ರೆನೆಸ್ಮೆ ಏಳು ವರ್ಷಕ್ಕೆಲ್ಲ ಪೂರ್ತಿ ಬೆಳೆದು, ಆಮೇಲೆ ಮುಪ್ಪಿಲ್ಲದೆ ಇರಬಲ್ಲವಳು. ಮೂವರು ಗಂಡುಮಕ್ಕಳ ತಾಯಿ ಮೇಯರ್ ತಮ್ಮ ಕಥೆಯ ಮಗುವಿಗೆ ಕೊಟ್ಟ ಈ ಅಭಯವನ್ನು ಯಾವ ಬಾಯಿಂದ ಹಳಿಯುವುದು? ಮಕ್ಕಳ ಕೂದಲೂ ಕೊಂಕದಿರಲಿ ಎಂದು ನಾವೆಲ್ಲರೂ ಬೇಡಿಕೊಳ್ಳುವವರೇ.

ಹಾಗಾದರೆ ನನ್ನ ನಿರಾಸೆ ಎಲ್ಲಿಯದು? ಪುಸ್ತಕವನ್ನು ಮತ್ತೆ ನಿಧಾನವಾಗಿ ಓದಿದಾಗ ಉತ್ತರ ಸಿಕ್ಕಿತು. ಬೆಲೆ ಮಾಯವಾಗಿಲ್ಲ. ಬೇರೆಯವರ ಲೆಕ್ಕಕ್ಕೆ ಬಿದ್ದಿದೆ.

ವೊಲ್ಟುರಿಗಳ ಮುಂದೆ ಸಾಕ್ಷಿ ನಿಲ್ಲಲು ಎಡ್ವರ್ಡ್‌ನ ಕಲೆನ್ ಕುಟುಂಬ ಲೋಕದ ಮೂಲೆಮೂಲೆಯಿಂದ ವ್ಯಾಂಪೈರ್‌ಗಳನ್ನು ಕರೆಸುತ್ತದೆ. ಕಲೆನ್‌ಗಳು ಪ್ರಾಣಿಗಳ ರಕ್ತದಲ್ಲೇ ಬದುಕುವವರು, ಬಂದವರಲ್ಲಿ ಬಹಳ ಮಂದಿ ಮನುಷ್ಯರನ್ನು ಕೊಂದು ತಿನ್ನುವವರು. ಆಸುಪಾಸಿನಲ್ಲಿ ಬೇಟೆಯಾಡಬೇಡಿ, ದೂರ ಹೋಗಿ ಎಂಬುದಷ್ಟೇ ಅವರಿಗೆ ಹಾಕಿದ ಕಟ್ಟಳೆ. ದೂರ ಹೋಗಲು ಎಡ್ವರ್ಡ್ ತನ್ನ ಕಾರುಗಳನ್ನು ಕೊಡುತ್ತಾನೆ. ಬೆಲ್ಲಾಗೆ ಇದು ಇರುಸುಮುರುಸು. ಹೇಗಿದ್ದರೂ ಅವರು ಎಲ್ಲಾದರೂ ಕೊಲ್ಲುತ್ತಲೇ ಇದ್ದವರಲ್ಲವೇ ಎಂದು ಸಮಾಧಾನ ಹೇಳಿಕೊಳ್ಳುತ್ತಾಳೆ. ಕಥೆ ಮುಂದಕ್ಕೆ ಹೋಗುತ್ತದೆ. ಆ ಕಾರುಗಳು ಯಾವ ಊರಿಗೆ ಹೋದವು, ಯಾರ ಮನೆಯ ಮುಂದೆ ನಿಂತವು, ಅಲ್ಲಿ ಯಾರ ಚಾರ್ಲಿ ಮಗಳಿಗಾಗಿ ಕಾಯುತ್ತ ಕೂತ ಎಂಬುದು ಪುಸ್ತಕದಲ್ಲಿಲ್ಲ. ವೊಲ್ಟುರಿಗಳು ಬಂದೇಬಿಟ್ಟರು ಎಂಬ ಆತಂಕದಲ್ಲಿ ಓದುವವರಿಗೂ ಅದು ಕೇಳಬೇಕೆನಿಸುವುದಿಲ್ಲ. ಕೈಬಿಡದೆ ಓದಿಸಿಕೊಳ್ಳುವ ಶಕ್ತಿಯ ಬಗ್ಗೆ ನನಗಿರುವ ಭಯ ಇದೇ. ನಮ್ಮವರೆಂದು ಒಪ್ಪಿಕೊಂಡವರು ಉಳಿಯಲಿ ಎಂಬ ಆಸೆ ಬಲವಾದಷ್ಟೂ, ಅದಕ್ಕಾಗಿ ಅಳಿದವರು ಲೆಕ್ಕದಿಂದ ಜಾರುತ್ತಾರೆ. ಜೇಕಬ್‌ನ ಕುಲಕ್ಕೆ ಇಟ್ಟ ಹೆಸರಿನ ನಿಜವಾದ ಒಡೆಯರೂ ಹಾಗೆಯೇ ಜಾರಿದರು. ಕ್ವಿಲ್ಯೂಟ್ ಎಂಬುದು ಫೋರ್ಕ್ಸ್‌ಗೆ ಹತ್ತಿರ, ಲಾ ಪುಶ್‌ನ ಕಡಲಂಚಿನಲ್ಲಿ ಬದುಕಿರುವ ನಿಜವಾದ ಬುಡಕಟ್ಟು. ತಮ್ಮ ನಿಜವಾದ ಕಥೆ ಇದಲ್ಲ ಎಂದು ತಿಳಿಸಲು ಅವರು ಸಿಯಾಟಲ್‌ನ ಬರ್ಕ್ ವಸ್ತುಸಂಗ್ರಹಾಲಯದ ಜೊತೆ ಸೇರಿ ಕೆಲಸ ಮಾಡಬೇಕಾಯಿತು.

ಗಿರೀಶ ಕಾರ್ನಾಡರ 'ಯಯಾತಿ' ಓದಿದ ಕನ್ನಡಿಗರಿಗೆ ಬೆಲೆ ಯಾರ ಲೆಕ್ಕಕ್ಕೆ ಎಂಬ ಈ ಪ್ರಶ್ನೆ ಹೊಸದಲ್ಲ. ಅಪ್ಪ ಯಯಾತಿಗೆ ಯೌವನ ಕೊಟ್ಟು ಮುಪ್ಪು ಪಡೆದ ಪೂರುವಿನ ತ್ಯಾಗವನ್ನು ನಾವು ಹೊಗಳುತ್ತಲೇ ಬಂದಿದ್ದೆವು. 1961ರಲ್ಲಿ ಪ್ರಕಟವಾದ ಆ ನಾಟಕದಲ್ಲಿ ಕಾರ್ನಾಡರು, ಮಹಾಭಾರತದಲ್ಲಿ ಇಲ್ಲದ ಚಿತ್ರಲೇಖೆಯನ್ನು ಪೂರುವಿನ ಹೆಂಡತಿಯಾಗಿ ತಂದು ನಿಲ್ಲಿಸಿದರು. ಗಂಡಸರಿಬ್ಬರ ಕೊಡುಕೊಳ್ಳುವಿಕೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ವಿಷ ಕುಡಿಯುವುದೂ ಅವಳೇ. ನನ್ನ ಅಕ್ಕನ ಮಗಳ ಪಟ್ಟಿಗೆ ಚಿತ್ರಲೇಖೆಯೂ ಸೇರಬಹುದು, ಆದರೆ ಒಂದು ವ್ಯತ್ಯಾಸವಿದೆ. ಅವಳ ಸಾವು ಬಯಕೆಗೆ ಬಿದ್ದ ದಂಡವಲ್ಲ. ಇನ್ನೊಬ್ಬರ ಬಯಕೆಯ ಸಾಲ ಅವಳ ಹೆಸರಿಗೆ ಬಂದಿತ್ತು, ನಾಟಕ ಅದನ್ನು ಎಲ್ಲರೂ ನೋಡುವಂತೆ ಮಾಡಿತು. ಅದನ್ನು ನೋಡಿದ ಮೇಲೆಯೇ ಯಯಾತಿ ತನ್ನ ಮುಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವುದು.

ಮೇಯರ್ ಅವರ ಬಯಲಿನಲ್ಲೂ ಅಂಥವಳೊಬ್ಬಳು ಇದ್ದಳು, ಐರಿನಾ. ಅಲಾಸ್ಕಾದ ಡೆನಾಲಿಯವಳು, ಕಲೆನ್‌ಗಳಿಗೆ ಒಡಹುಟ್ಟಿದವರಷ್ಟು ಹತ್ತಿರದವಳು. ಅವಳ ಪ್ರಿಯಕರನನ್ನು ಜೇಕಬ್‌ನ ತೋಳಗಳು ಕೊಂದಿದ್ದವು. ತಾಯಿಯನ್ನು ವೊಲ್ಟುರಿಗಳು ಸುಟ್ಟಿದ್ದರು, ಮಗುವೊಂದನ್ನು ವ್ಯಾಂಪೈರ್ ಮಾಡಿದ ತಪ್ಪಿಗೆ. ಮುನಿಸು ಬಿಟ್ಟು ರಾಜಿಗೆಂದು ಬಂದವಳು ದೂರದಿಂದ ರೆನೆಸ್ಮೆಯನ್ನು ಕಂಡು ಅಂಥದ್ದೇ ಮಗುವೆಂದು ತಪ್ಪು ತಿಳಿದು ವೊಲ್ಟುರಿಗಳಿಗೆ ದೂರು ಕೊಡುತ್ತಾಳೆ. ಬಯಲಿನಲ್ಲಿ ಎಲ್ಲರೆದುರು ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡ ಮರುಗಳಿಗೆಗೆ ಅವಳನ್ನು ಕೊಲ್ಲುತ್ತಾರೆ. ಸೋದರಿಯರಾದ ತಾನ್ಯಾ, ಕೇಟ್ ಮುನ್ನುಗ್ಗದಂತೆ ಅವರ ಕಡೆಯವರೇ ನೆಲಕ್ಕೆ ಒತ್ತಿ ಹಿಡಿಯುತ್ತಾರೆ, ಏಕೆಂದರೆ ಅವರು ನುಗ್ಗಿದರೆ ಯುದ್ಧವಾಗುತ್ತದೆ, ಬೆಲ್ಲಾಳ ಮಗು ಉಳಿಯುವುದಿಲ್ಲ. ಯುದ್ಧ ತಪ್ಪುತ್ತದೆ. ಬೆಲ್ಲಾ, ಎಡ್ವರ್ಡ್ ಮಗಳನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಕಥೆ ಅವರ ಹಿಂದೆಯೇ ಹೋಗಿಬಿಡುತ್ತದೆ. ನನಗೆ ಇನ್ನೊಂದು ಅಧ್ಯಾಯ ಬೇಕಿತ್ತು. ತಾನ್ಯಾ ಮತ್ತು ಕೇಟ್ ಡೆನಾಲಿಗೆ ಮರಳಿ ಹೇಗೆ ಬದುಕಿದರು, ತಮ್ಮನ್ನು ಆ ಹೊತ್ತು ಹಿಡಿದಿಟ್ಟವರ ಮುಖವನ್ನು ಮತ್ತೆ ಹೇಗೆ ನೋಡಿದರು ಎಂಬ ಅಧ್ಯಾಯ.