ಮರೆತದ್ದೂ ನಮ್ಮನ್ನು ರೂಪಿಸುತ್ತದೆ

ನಿನ್ನೆ ಇದ್ದವನೇ ಇಂದೂ ಇದ್ದಾನೆ ಎನ್ನಲು ಆಧಾರವೇನು? ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿ ಇದಕ್ಕೆ ಉತ್ತರ ಹೇಳಿದ. ನಮ್ಮ ಅರಿವು ಹಿಂದಿನ ಯಾವ ಕೆಲಸದವರೆಗೆ ಚಾಚಬಲ್ಲುದೋ ಅಲ್ಲಿಯವರೆಗೆ ನಾವು ಅದೇ ವ್ಯಕ್ತಿ ಎಂಬುದು ಅವನ ವಾದ. ಸ್ಕಾಟ್ಲೆಂಡಿನ ಥಾಮಸ್ ರೀಡ್ 1785ರಲ್ಲಿ ಇದನ್ನು ಒಂದು ಕಲ್ಪಿತ ಪ್ರಸಂಗದಿಂದ ಕೆಣಕಿದ. ತೋಟಕ್ಕೆ ನುಗ್ಗಿ ಹಣ್ಣು ಕದ್ದ ಹುಡುಗ ಶಾಲೆಯಲ್ಲಿ ಛಡಿಯೇಟು ತಿನ್ನುತ್ತಾನೆ, ಬೆಳೆದು ಸೇನೆಯ ಅಧಿಕಾರಿಯಾಗಿ ಯುದ್ಧದಲ್ಲಿ ಶತ್ರುವಿನ ಧ್ವಜ ಕಸಿಯುತ್ತಾನೆ, ಮುಂದೆ ಸೇನಾಪತಿಯಾಗುತ್ತಾನೆ. ಧ್ವಜ ಕಸಿದ ದಿನ ಅವನಿಗೆ ಏಟು ನೆನಪಿತ್ತು. ಸೇನಾಪತಿಯಾದಾಗ ಧ್ವಜ ನೆನಪಿದೆ, ಏಟು ಮಾತ್ರ ಪೂರ್ತಿ ಮರೆತಿದೆ. ಲಾಕ್‌ನ ಪ್ರಕಾರ ಸೇನಾಪತಿ ಆ ಹುಡುಗನಲ್ಲ, ಆದರೆ ಹುಡುಗನೇ ಆಗಿದ್ದ ಅಧಿಕಾರಿ ಹೌದು! ರೀಡ್‌ಗೆ ಬೇಕಾಗಿದ್ದು ಈ ವಿರೋಧಾಭಾಸ ಮಾತ್ರ. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ: ಸೇನಾಪತಿ ಮರೆತ ಆ ಏಟು ಅವನೊಳಗೆ ಏನನ್ನೂ ಉಳಿಸದೆ ಹೋಯಿತೆ?

ನಮ್ಮ ದರ್ಶನಗಳಲ್ಲಿ ಇದಕ್ಕೆ ಸಿದ್ಧವಾದ ಒಂದು ಪರಿಕಲ್ಪನೆಯಿದೆ, ಸಂಸ್ಕಾರ. ಮದುವೆ ಮುಂಜಿಗಳ ಸಂಸ್ಕಾರವಲ್ಲ. ಅನುಭವ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಅಚ್ಚು. ನ್ಯಾಯ-ವೈಶೇಷಿಕರು ಸಂಸ್ಕಾರದಲ್ಲಿ ಮೂರು ಬಗೆ ಹೇಳುತ್ತಾರೆ. ಬಿಟ್ಟ ಬಾಣವನ್ನು ಮುಂದಕ್ಕೆ ಒಯ್ಯುವ ವೇಗ ಒಂದು. ಸುತ್ತಿಟ್ಟ ಚಾಪೆಯನ್ನು ಬಿಡಿಸಿದರೆ ಅಂಚು ಮತ್ತೆ ಸುರುಳಿಯಾಗುತ್ತದಲ್ಲ, ಆ ಸ್ಥಿತಿಸ್ಥಾಪಕ ಗುಣ ಇನ್ನೊಂದು. ಮೂರನೆಯದು ಭಾವನೆ: ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವಂಥದ್ದು. ಇಲ್ಲಿ ಗಮನಿಸಬೇಕಾದದ್ದು, ಸಂಸ್ಕಾರ ನೆನಪಿನ ಕಾರಣವೇ ಹೊರತು ನೆನಪಲ್ಲ. ಕಾರ್ಯ ಕಾಣಿಸದಿದ್ದಾಗಲೂ ಕಾರಣ ಉಳಿದಿರಬಹುದು. ನಾವು ಏನಾಗಿದ್ದೇವೋ ಅದನ್ನು ರೂಪಿಸಿದ್ದು ನೆನಪುಗಳಿಗಿಂತ ಹೆಚ್ಚಾಗಿ ಇಂಥ ಅಚ್ಚುಗಳೇ ಎಂಬುದು ನನ್ನ ವಾದ.

ಇದನ್ನು ಬರೀ ಶಾಸ್ತ್ರದ ಮಾತೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರವಾದ ಮೂರ್ಛೆರೋಗವಿತ್ತು. 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಮೂರ್ಛೆ ತಗ್ಗಿತು, ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹೋಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನ ಮುಂದೆ ಜೋಡಿಗೆರೆಯ ನಕ್ಷತ್ರವೊಂದನ್ನಿಟ್ಟು, ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಹೇಳಿದರು. ಆದರೆ ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮೊದಮೊದಲು ಮೂಲೆ ಬಂದಲ್ಲೆಲ್ಲ ಪೆನ್ಸಿಲ್ ಗೆರೆ ದಾಟಿ ದಿಕ್ಕು ತಪ್ಪುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ತಪ್ಪುಗಳು ಹೆಚ್ಚುಕಡಿಮೆ ಇಲ್ಲವಾದವು. ಈ ಕೆಲಸವನ್ನು ಹಿಂದೆಂದೂ ಮಾಡಿದ ನೆನಪು ಮಾತ್ರ ಅವನಿಗಿರಲಿಲ್ಲ. ಕೈ ಕಲಿತಿತ್ತು, ಕಲಿತದ್ದು ಅವನಿಗೇ ಗೊತ್ತಿರಲಿಲ್ಲ.

ಇದು ಕೈಚಳಕದ ಮಾತಾಯಿತು, ಸ್ವಭಾವಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದಕ್ಕೆ ಉತ್ತರವಿದೆ. ಅವನ ರೋಗಿಯೊಬ್ಬಳಿಗೆ ಆಗಷ್ಟೇ ಕಂಡ ವೈದ್ಯನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಒಮ್ಮೆ ಅವನು ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಕೊಂಡು ಅವಳ ಕೈ ಚುಚ್ಚಿದ (ಇಂದಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಲಾರದು). ಆಮೇಲೆ ಅವನು ಕೈ ಚಾಚಿದಾಗ ಅವಳು ಕೈ ಹಿಂದೆಳೆದುಕೊಂಡಳು. ಏಕೆಂದು ಕೇಳಿದರೆ ಚುಚ್ಚಿದ ಪ್ರಸಂಗವನ್ನು ಹೇಳಲಾರಳು. ಕೈಯಲ್ಲಿ ಸೂಜಿ ಅಡಗಿಸಿರುವುದೂ ಉಂಟು ಎಂಬರ್ಥದ ಮಾತಾಡಿದಳಷ್ಟೆ. ಅನುಭವ ತನ್ನ ಗುರುತು ಕಳೆದುಕೊಂಡು, ಲೋಕ ಇರುವುದೇ ಹೀಗೆ ಎಂಬ ನಂಬಿಕೆಯಾಗಿ ನಿಂತಿತ್ತು. ನಾವು ಇನ್ನೊಬ್ಬರಲ್ಲಿ ಸಂಶಯದ ಸ್ವಭಾವ ಎನ್ನುವುದು ಇದಕ್ಕಿಂತ ತೀರ ಬೇರೆಯೇ?

ಒಂದೇ ಮನೆಯಲ್ಲಿ ಒಂದೇ ಕಷ್ಟ ಉಂಡ ಇಬ್ಬರು ಬೇರೆಬೇರೆಯಾಗಿ ಬೆಳೆಯುತ್ತಾರಲ್ಲ ಎಂಬ ಆಕ್ಷೇಪವೂ ಇದೆ. ಖಾಲಿ ಮನಸ್ಸಿನ ಮೇಲೆ ಅನುಭವ ಬಂದು ಬೀಳುತ್ತದೆ ಎಂದುಕೊಂಡರೆ ಮಾತ್ರ ಅದು ಸಮಸ್ಯೆ. ಯೋಗಸೂತ್ರ ಹಾಗೆ ಹೇಳುವುದಿಲ್ಲ. ವಾಸನೆಗಳು, ಅಂದರೆ ಹಿಂದಿನ ಜನ್ಮಗಳಿಂದ ಬಂದ ಅಚ್ಚುಗಳು, ಅನಾದಿ ಎನ್ನುತ್ತದೆ. ಹಿಂದಿನ ಜನ್ಮವನ್ನು ಒಪ್ಪದವರು ಆ ಜಾಗದಲ್ಲಿ ಅನುವಂಶೀಯತೆಯನ್ನು ಇಟ್ಟುಕೊಳ್ಳಲಿ, ವಾದದ ಕಟ್ಟಡ ಅಲುಗುವುದಿಲ್ಲ. ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್‌ನ ತಕರಾರು ಇನ್ನೂ ಸೂಕ್ಷ್ಮ. ಗತಕಾಲಕ್ಕೆ ಅರ್ಥ ಕೊಡುವುದು ಇಂದಿನ ನನ್ನ ಆಯ್ಕೆಯೇ ಎಂದು ಅವನು 1943ರ ತನ್ನ ಕೃತಿಯಲ್ಲಿ ವಾದಿಸಿದ. ನೆನಪಿರುವ ಗತಕಾಲದ ಮಟ್ಟಿಗೆ ಇದು ಸರಿ. ಆದರೆ ಹಿಂದೆ ಸರಿದ ಆ ಕೈ ಯಾರ ಅರ್ಥಕ್ಕೂ ಕಾಯಲಿಲ್ಲ.

ಹಾಗಾದರೆ ನಾವು ಹಳೆಯ ಅಚ್ಚುಗಳ ಕೈಗೊಂಬೆಗಳೇ? ಯೋಗಸೂತ್ರದ ಕರ್ತೃ ಪತಂಜಲಿ ಇದನ್ನು ಒಪ್ಪುವುದಿಲ್ಲ. ಒಂದು ಸಂಸ್ಕಾರವನ್ನು ಇನ್ನೊಂದು ತಡೆಯಬಲ್ಲದು, ಅಭ್ಯಾಸದಿಂದ ಹೊಸದನ್ನು ಬಲಪಡಿಸಬಹುದು ಎಂಬುದು ಅವನ ನಿಲುವು. ತಡೆಯುವುದೆಂದರೆ ಅಳಿಸುವುದಲ್ಲ. ಮನಸ್ಸನ್ನು ಕಾಡುವ ಕ್ಲೇಶಗಳಿಗೆ ಅವನು ನಾಲ್ಕು ಅವಸ್ಥೆ ಹೇಳುತ್ತಾನೆ: ಮಲಗಿರುವುದು, ತೆಳುವಾಗಿರುವುದು, ನಡುನಡುವೆ ಕಡಿದಿರುವುದು, ಪೂರ್ತಿ ಎದ್ದಿರುವುದು. ರಷ್ಯಾದ ಪಾವ್ಲೋವ್ ತನ್ನ ನಾಯಿಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದೇ. ಊಟದ ಸೂಚನೆಯೆಂದು ಅವು ಕಲಿತಿದ್ದ ಸಂಕೇತವನ್ನು ಊಟ ಕೊಡದೆ ಬರಿದೇ ಕೊಡುತ್ತಾ ಹೋದರೆ ಜೊಲ್ಲು ಸುರಿಯುವುದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅದೇ ಸಂಕೇತ ಕೊಟ್ಟರೆ ಮತ್ತೆ ಸುರಿಯುತ್ತಿತ್ತು. ಭಯವನ್ನೋ ಚಟವನ್ನೋ ಗೆದ್ದೆನೆಂದುಕೊಂಡವರು ವರ್ಷಗಳ ನಂತರ ಮತ್ತೆ ಅದಕ್ಕೇ ಸಿಕ್ಕಿದರೆ ನಾವು ಮನೋಬಲ ಸಾಲದೆಂದು ದೂರುತ್ತೇವೆ. ಮಲಗಿದ್ದದ್ದು ಎದ್ದಿದೆ ಎನ್ನುವುದು ಅದಕ್ಕಿಂತ ನಿಖರವಾದ ವಿವರಣೆ. ಒಮ್ಮೆ ಅದನ್ನು ಮಲಗಿಸಿದ ಅಭ್ಯಾಸದ ಅಚ್ಚೂ ಅಲ್ಲೇ ಎಲ್ಲೋ ಇದೆ ಎಂಬುದನ್ನೂ ಆ ವಿವರಣೆ ಒಳಗೊಳ್ಳುತ್ತದೆ.