ಹಾಡಿನೊಳಗಿನ ‘ನಾನು’ ಯಾರು: ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಲ್ಲಿ ಶರೀಫರ ತತ್ವಪದ

ಗಾಯಕ, ಸಂಯೋಜಕ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಬಿಡುಗಡೆಯಾಯಿತು. ಮೈಸೂರಿನಲ್ಲಿ ಬೆಳೆದ ಅವರು ‘ಅಂತರಾಗ್ನಿ’ ಎಂಬ ತಂಡ ಕಟ್ಟಿಕೊಂಡು ಹಲವು ವರ್ಷ ವೇದಿಕೆಗಳಲ್ಲಿ ಹಾಡಿದ ಮೇಲೆ ಬಂದ ಆಲ್ಬಮ್ ಇದು. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು ಇದರಲ್ಲಿವೆ. ಪ್ರೀತಿ, ಹಂಬಲ, ಪ್ರಾರ್ಥನೆಗಳ ಹೊಸ ಹಾಡುಗಳ ಜೊತೆಗೆ ಹತ್ತೊಂಬತ್ತನೆಯ ಶತಮಾನದ ಸಂತ ಶಿಶುನಾಳ ಶರೀಫರ ಎರಡು ಪದಗಳು ಸೇರಿಕೊಂಡಿವೆ: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಈ ಎರಡು ಪದಗಳು ಕೇಳಿಬಂದಾಗ ಹಳೆಯದೊಂದು ಪ್ರಶ್ನೆ ಹೊಸದಾಗಿ ಎದ್ದಿತು. ಗುರುವಿನ ಬಳಿ ಕೂತು ಅರಿಯಬೇಕಾದ ಪದ, ಗುರುವಿಲ್ಲದ ಸಭೆಯಲ್ಲಿ ಸಂತೋಷಕ್ಕಾಗಿ ಹಾಡಿದಾಗಲೂ ತತ್ವಪದವಾಗಿಯೇ ಉಳಿಯುತ್ತದೆಯೆ?

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ. ಗುರುವಾಗಿ ಒಲಿದವರು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರು. ಶಿಷ್ಯನಿಗೆ ಗುರು ಜನಿವಾರ ಹಾಕಿದ ಕಥೆ ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ. ಶರೀಫರ ಪದಗಳು ‘ಶಿಶುನಾಳಧೀಶ’ ಎಂಬ ಅಂಕಿತದಲ್ಲಿ ಮುಗಿಯುತ್ತವೆ, ಗುರು ಗೋವಿಂದನ ಹೆಸರೂ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಗುರು-ಶಿಷ್ಯ ಸಂಬಂಧವನ್ನು ಈ ಪದಗಳ ಹಿನ್ನೆಲೆ ಎಂದಷ್ಟೇ ಹೇಳಿದರೆ ಸಾಲದು. ಅದು ಅವುಗಳ ಮೈಯಲ್ಲೇ ಬೆರೆತಿದೆ.

ಆಲ್ಬಮ್‌ಗೆ ಬಂದ ಎರಡೂ ಪದಗಳು ನಿತ್ಯದ ವಸ್ತುವೊಂದನ್ನು ಹಿಡಿದು ದೇಹ ಮತ್ತು ಮನಸ್ಸಿನ ಸ್ಥಿತಿಯನ್ನು ತೋರಿಸುತ್ತವೆ. ಮೊದಲನೆಯದರಲ್ಲಿ ಗುಡುಗುಡಿ ಸೇದುವ ಸಾಮಗ್ರಿಯೆಲ್ಲ ಸಾಧನೆಯ ಸಾಮಗ್ರಿಯಾಗುತ್ತದೆ. ಬುರುಡೆ ಶರೀರವಾಗುತ್ತದೆ, ಸಂಚಿ ಮನಸ್ಸಾಗುತ್ತದೆ, ಕೊಚ್ಚಬೇಕಾದ ಭಂಗಿ ಮೋಹವಾಗುತ್ತದೆ. ಚಟವೆಂದು ಜನ ಬೈಯುವ ಕೆಲಸವೇ ಒಡಲ ರೋಗಕ್ಕೆ ಮದ್ದಾಗಿ ತಿರುಗುತ್ತದೆ. ಎರಡನೆಯದರಲ್ಲಿ ಅಜ್ಞಾನದಿಂದ ಮಾಳಿಗೆ ಸೋರುತ್ತಿದೆ. ತೊಲೆ ಮುರುಕಾಗಿದೆ, ಜಂತಿ ಹುಳುಕಾಗಿದೆ. ಕತ್ತಲಲ್ಲಿ ಮೇಲೆ ಹತ್ತಿ ದುರಸ್ತಿ ಮಾಡುವ ಶಕ್ತಿ ಮನೆಯೊಡೆಯನಿಗಿಲ್ಲ. ಅವನು ಹೆಂಡತಿಯ ಮುಂದೆ ಕಷ್ಟ ತೋಡಿಕೊಂಡು ಕೊನೆಗೆ ಶಿಶುನಾಳಧೀಶನೇ ಕಾಯುವನೆಂದು ನಂಬುತ್ತಾನೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು ರಾತ್ರಿ ಕಳೆದವರಿಗೆ ಈ ಪದದ ಅರ್ಧ ಅರ್ಥ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಉಳಿದ ಅರ್ಧ, ಆ ಮನೆ ತನ್ನದೇ ದೇಹ ಎಂಬುದು, ನಿಂತು ಯೋಚಿಸಿದವರಿಗೆ ತಿಳಿಯುತ್ತದೆ.

ಪ್ರಶ್ನೆಗೆ ಒಂದು ಉತ್ತರ ಅಧಿಕಾರದ ನೆಲೆಯಿಂದ ಬರುತ್ತದೆ. ವಚನಗಳಲ್ಲಿನ ಬೆಡಗಿನಂತೆ ತತ್ವಪದದಲ್ಲೂ ಅರ್ಥ ಮುಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸುವವನು ಗುರು. ಬಿಡಿಸಿದ್ದನ್ನು ಬಾಳಿನಲ್ಲಿ ಒರೆಗೆ ಹಚ್ಚುವವನು ಶಿಷ್ಯ. ಏಕತಾರಿ ಹಿಡಿದು, ರಾತ್ರಿಯಿಡೀ ಭಜನೆಯಲ್ಲಿ ಒಂದೊಂದು ಪದಕ್ಕೂ ನಿಂತು ಅರ್ಥ ಹೇಳುತ್ತ ಸಾಗುವ ಕೂಟಗಳಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಈ ನೆಲೆಯಿಂದ ನೋಡಿದರೆ ಐದು ನಿಮಿಷದ ಧ್ವನಿಮುದ್ರಣ ಪದದ ಮೈಯನ್ನು ಮಾತ್ರ ಮುಟ್ಟಿಸುತ್ತದೆ. ಗುಡುಗುಡಿಯ ಹಾಡಿಗೆ ಕುಣಿಯುವ ಕೇಳುಗ ಅದನ್ನು ಹೊಗೆಯ ಹಾಡೆಂದೇ ತಿಳಿದು ಮನೆಗೆ ಹೋಗಬಹುದು. ಈ ಆತಂಕ ನಿಜವಾದದ್ದು. ಶುದ್ಧತೆಯ ಹಟವೆಂದು ಅದನ್ನು ಬದಿಗೆ ಸರಿಸಲಾಗದು.

ಆದರೆ ತತ್ವಪದದ ಚರಿತ್ರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಶರೀಫರು ದೀಕ್ಷೆ ಪಡೆದವರಿಗಾಗಿ ಮಾತ್ರ ಹಾಡಿದವರಲ್ಲ. ಮೊಹರಂ ಹಬ್ಬದ ರಿವಾಯತ ಪದಗಳನ್ನೂ ಅವರು ಕಟ್ಟಿಕೊಟ್ಟರು. ಅವು ಹೆಜ್ಜೆ ಹಾಕುವ ಗುಂಪಿನ ಬಾಯಲ್ಲಿ, ಬೀದಿಯಲ್ಲಿ ಹಾಡುವಂಥವು. ಜನರ ಧಾಟಿ, ಜನರ ವಸ್ತು, ಜನರ ಬೈಗುಳವನ್ನೂ ಎತ್ತಿಕೊಂಡು ಅದರೊಳಗೆ ತತ್ವ ತುಂಬುವುದು ಅವರ ದಾರಿಯಾಗಿತ್ತು. ಅವರ ಕಾಲದ ಮೇಲೂ ಪದಗಳು ಒಂದೇ ಧಾಟಿಯಲ್ಲಿ ನಿಲ್ಲಲಿಲ್ಲ. ಸಿ. ಅಶ್ವಥ್ ಅವರ ರಾಗಸಂಯೋಜನೆ ಮತ್ತು ಕಂಠದಲ್ಲಿ ಅವು ಕ್ಯಾಸೆಟ್ಟುಗಳ ಮೂಲಕ ನಾಡಿನ ಮನೆಮನೆ ಸೇರಿದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವನ್ನು ತೆರೆಗೂ ತಂದಿತು. 2008ರ ಆಲ್ಬಮ್ ಈ ದಾರಿಯಲ್ಲಿ ಮುಂದಿನ ಹೆಜ್ಜೆ. ಅದರಿಂದ ಕನ್ನಡ ತಿಳಿಯದ ಕೇಳುಗರನ್ನೂ ಪದಗಳು ತಲುಪಿದವು.

ಕನ್ನಡವೇ ತಿಳಿಯದವನು ಈ ಹಾಡಿಗೆ ಮನಸೋತರೆ ಅವನಿಗೆ ದಕ್ಕಿದ್ದೇನು? ಭಾರತೀಯ ಕಾವ್ಯಮೀಮಾಂಸೆ ಇಲ್ಲಿ ನೆರವಾಗುತ್ತದೆ. ಹತ್ತನೆಯ ಶತಮಾನದ ಆಸುಪಾಸಿನ ಕಾಶ್ಮೀರದ ಚಿಂತಕರಾದ ಭಟ್ಟನಾಯಕ ಮತ್ತು ಅಭಿನವಗುಪ್ತರು ರಸಾನುಭವದ ಹೊತ್ತಿನಲ್ಲಿ ‘ನನ್ನದು, ಪರರದು’ ಎಂಬ ಗೆರೆ ಅಳಿಯುತ್ತದೆ ಎಂದರು. ಇದಕ್ಕೆ ಸಾಧಾರಣೀಕರಣವೆಂದು ಹೆಸರು. ಆ ಹೊತ್ತಿನ ಆನಂದ ಬ್ರಹ್ಮಾನಂದಕ್ಕೆ ಹತ್ತಿರದ್ದು ಎಂದೂ ಆಲಂಕಾರಿಕರು ಹೇಳಿದರು. ಹತ್ತಿರದ್ದು ಎಂದರೇ ಹೊರತು ಅದೇ ಎನ್ನಲಿಲ್ಲ. ಹಾಡು ಮುಗಿದ ಕೂಡಲೇ ರಸ ಮುಗಿಯುತ್ತದೆ, ಅಳಿದ ಗೆರೆ ಮತ್ತೆ ಮೂಡುತ್ತದೆ. ತತ್ವಪದ ಬಯಸುವ ಅನುಭಾವವಾದರೋ ಹಾಡು ನಿಂತ ಮೇಲೆ ನಡೆನುಡಿಯಲ್ಲಿ ಕಾಣಬೇಕಾದದ್ದು. ವೇದಿಕೆ ರಸವನ್ನು ಕೊಡಬಲ್ಲದು. ಅನುಭಾವಕ್ಕೆ ಬಾಗಿಲು ತೋರಬಲ್ಲದು. ಒಳಗೆ ಕಾಲಿಡಬೇಕಾದವನು ಕೇಳುಗನೇ.

ಈ ಆಲ್ಬಮ್ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ಯುವುದು ‘ನಾನು’ ಎಂಬ ಮಾತಿನಲ್ಲಿ. ತಾನೇ ರಾಗ ಹಾಕಿ ತಾನೇ ಹಾಡುವ ಇಂದಿನ ಗಾಯಕನಿಂದ ಕೇಳುಗರು ಬಯಸುವುದು ಅವನದೇ ದನಿ, ಅವನದೇ ನೋವು ನಲಿವು. ಮೊದಲ ಆಲ್ಬಮ್ ಎಂದರೆ ‘ನಾನು ಇಂಥವನು’ ಎಂಬ ಪರಿಚಯ. ತತ್ವಪದ ಇದಕ್ಕೆ ತಿರುಗುಮುರುಗಾಗಿ ನಡೆಯುತ್ತದೆ. ಅದರ ‘ನಾನು’ ಸೋರುವ ಮನೆಯಂತೆ ಕುಸಿಯುತ್ತ ಹೋಗಿ ಕಡೆಯ ಸಾಲಿನಲ್ಲಿ ಅಂಕಿತಕ್ಕೆ ಜಾಗ ಬಿಟ್ಟುಕೊಡುತ್ತದೆ. ಅಂಕಿತವಾಗಿ ನಿಲ್ಲುವುದು ಕವಿಯ ಹೆಸರಲ್ಲ, ದೈವದ ಹೆಸರು. ಇದೇ ಆಲ್ಬಮ್‌ನ ‘ಹೇ ಭಗವಾನ್’ ಎಂಬ ಹಿಂದಿ ಹಾಡಿನಲ್ಲಿ ಬೇಡುವವನು ಬದುಕನ್ನು ಇನ್ನೊಮ್ಮೆ ಕೊಡು ಎಂದು ದೇವರನ್ನು ಕೇಳುತ್ತಾನೆ. ಶರೀಫರ ಪದದಲ್ಲಿ ಬೇಡುವವನಿಗೆ ಮನೆ ಹೊಸದಾಗಬೇಕೆಂಬ ಹಂಬಲವಿಲ್ಲ. ಕಾಯುವವನೊಬ್ಬನಿದ್ದಾನೆಂಬ ನಂಬಿಕೆಯೇ ಸಾಕಾಗಿದೆ. ಒಂದು ಬದುಕನ್ನು ಹಿಡಿಯುವ ಪ್ರಾರ್ಥನೆ, ಇನ್ನೊಂದು ಬಿಡುವ ಪ್ರಾರ್ಥನೆ. ಎರಡೂ ಮನುಷ್ಯನವೇ, ಎರಡೂ ಇಲ್ಲಿ ಒಂದೇ ಕಂಠದಿಂದ ಬರುತ್ತವೆ.

ಹೀಗೆ ನೋಡಿದಾಗ ಮೊದಲ ಪ್ರಶ್ನೆಗೆ ಎರಡು ಭಾಗದ ಉತ್ತರ ಸಿಗುತ್ತದೆ. ಗುರು ಬಾಯಿಬಿಟ್ಟು ಹೇಳುವ ಅರ್ಥ, ಕೂಟದಲ್ಲಿ ಕೂತು ಕಲಿಯುವ ತಾಳ್ಮೆ, ಕಲಿತಂತೆ ಬಾಳುವ ಕಟ್ಟು, ಈ ಮೂರನ್ನೂ ಆಲ್ಬಮ್ ಹೊತ್ತು ತರಲಾರದು. ಅವು ಭಜನೆಯ ಮನೆಗಳಲ್ಲೇ ಉಳಿಯಬೇಕು, ಆ ಮನೆಗಳೂ ಉಳಿಯಬೇಕು. ಆದರೆ ಪದ ತನ್ನ ಅಂಕಿತವನ್ನು ತನ್ನೊಳಗೇ ಇಟ್ಟುಕೊಂಡಿದೆ. ಹಾಡುವವನು ಯಾರೇ ಆಗಲಿ, ಯಾವ ವಾದ್ಯವೇ ಇರಲಿ, ಪದವನ್ನು ಕೊನೆಯವರೆಗೆ ಹಾಡಿದರೆ ಶಿಶುನಾಳಧೀಶನ ಹೆಸರು ಹೇಳಲೇಬೇಕು. ಆ ಹೆಸರಿನ ಬಳಿ ಬಂದಾಗ ಗಾಯಕನ ‘ನಾನು’ ಒಂದು ಉಸಿರಿನಷ್ಟು ಹೊತ್ತಾದರೂ ಬದಿಗೆ ಸರಿಯುತ್ತದೆ. ಅಷ್ಟರಮಟ್ಟಿಗೆ ಗಿಟಾರಿನ ಜೊತೆಗೂ ಅದು ತತ್ವಪದವೇ.